ಶೆಲ್ ದೂರುವ ಸಾಲೊಂದು, ತಪ್ಪಿರುವ ಸಾಲಿನ್ನೊಂದು

ನಮ್ಮ ತೋಟದ ಮನೆಯಲ್ಲಿ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಬರೆದಿಡುವ ರೂಢಿ. ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆವು, ಈಗ ಸಾದಾ ಟೆಕ್ಸ್ಟ್ ಫೈಲಿನಲ್ಲಿ: ಸಾಲಿಗೊಂದು ತಾರೀಖು, ಪಕ್ಕದಲ್ಲಿ ಮಿಲಿಮೀಟರ್. ತಿಂಗಳ ಮೊತ್ತ ತೆಗೆಯಲು, ನಾವು ಕೊಟ್ಟ ಆದೇಶಗಳನ್ನು ಓದಿ ನಡೆಸುವ ಬ್ಯಾಶ್ ಎಂಬ ‘ಶೆಲ್’ ಪ್ರೋಗ್ರಾಮಿಗೆಂದು ಬರೆದ 40 ಸಾಲಿನ ಸ್ಕ್ರಿಪ್ಟ್ (ಆದೇಶಗಳ ಫೈಲು) ಒಂದಿದೆ. ಮೊನ್ನೆ ಅದನ್ನು ಚೂರು ತಿದ್ದಿ ಓಡಿಸಿದೆ. ‘41ನೇ ಸಾಲು: ಸಿಂಟ್ಯಾಕ್ಸ್ ಎರರ್: ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್’ (ವ್ಯಾಕರಣ ತಪ್ಪು, ಫೈಲು ಅನಿರೀಕ್ಷಿತವಾಗಿ ಮುಗಿದಿದೆ) ಎಂದಿತು. ಇರುವುದೇ 40 ಸಾಲು!

ಶೆಲ್ ಹೇಳುವ ಸಂಖ್ಯೆ ಅದು ಕೈಚೆಲ್ಲಿದ ಜಾಗದ್ದು, ತಪ್ಪು ನಡೆದ ಜಾಗದ್ದಲ್ಲ. ಇದೊಂದು ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. (ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.)

ಮೊದಲ ಹೆಜ್ಜೆ: ಓಡಿಸಬೇಡಿ, ಓದಿಸಿ

ಬ್ಯಾಶ್ ಇಡೀ ಸ್ಕ್ರಿಪ್ಟನ್ನು ಮೊದಲೇ ಪರಿಶೀಲಿಸುವುದಿಲ್ಲ. ಓದುತ್ತ ಓದುತ್ತಲೇ ಕೆಲಸ ಮಾಡುತ್ತ ಹೋಗುತ್ತದೆ. 30ನೇ ಸಾಲಿನಲ್ಲಿ ಮುಗ್ಗರಿಸುವ ಹೊತ್ತಿಗೆ ಮೇಲಿನ 29 ಸಾಲು ನಡೆದೇ ಹೋಗಿರುತ್ತವೆ. ಅವುಗಳಲ್ಲಿ >> ಬಳಸಿ ವರದಿಗೆ ಸಾಲು ಸೇರಿಸುವ ಆದೇಶವಿದ್ದರೆ, ನೀವು ಓಡಿಸಿ ನೋಡಿದಷ್ಟು ಸಲವೂ ಅದೇ ಸಾಲು ಮತ್ತೆ ಸೇರಿಕೊಳ್ಳುತ್ತದೆ. ಅದಕ್ಕೇ ‘ಬ್ಯಾಶ್ -ಎನ್’ ಎಂದು ಬರೆದು ಮುಂದೆ ಸ್ಕ್ರಿಪ್ಟಿನ ಹೆಸರು ಕೊಡಿ. ವ್ಯಾಕರಣವನ್ನಷ್ಟೇ ನೋಡುತ್ತದೆ, ಏನನ್ನೂ ನಡೆಸುವುದಿಲ್ಲ.

ಎರಡು: ಕೆಳಗಿನಿಂದ ಮೇಲಕ್ಕೆ ಹೋಗಿ

‘ಎಂಡ್ ಆಫ್ ಫೈಲ್’ ಎಂದರೆ ಎಲ್ಲೋ ತೆರೆದದ್ದು ಮುಚ್ಚಿಲ್ಲ. ‘ಇಫ್’ಗೆ ‘ಫೈ’, ‘ಕೇಸ್’ಗೆ ‘ಎಸ್ಯಾಕ್’, ‘ಡೂ’ಗೆ ‘ಡನ್’ ಇದೆಯೇ ಎಂದು ಜೋಡಿ ಲೆಕ್ಕ ಹಾಕಿ. ‘ಇಫ್’, ‘ಕೇಸ್’ಗಳ ಇಂಗ್ಲಿಷ್ ಅಕ್ಷರಗಳನ್ನು ತಿರುಗುಮುರುಗು ಮಾಡಿದ ‘ಫೈ’, ‘ಎಸ್ಯಾಕ್’ ಪದಗಳು ಬಂದದ್ದು 1979ರ ಬೋರ್ನ್ ಶೆಲ್‌ನಿಂದ. ಅದನ್ನು ಬರೆದ ಸ್ಟೀಫನ್ ಬೋರ್ನ್ ಆಲ್ಗಾಲ್ 68 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಳಗಿದವರು, ಅಲ್ಲಿ ಹೀಗೆಯೇ ಮುಚ್ಚುತ್ತಾರೆ. ಆ ಲೆಕ್ಕಕ್ಕೆ ‘ಡೂ’ಗೆ ‘ಓಡಿ’ (do ತಿರುಗಿಸಿದರೆ od) ಆಗಬೇಕಿತ್ತು. ಆ ಹೆಸರಿನ ಆದೇಶವೊಂದು ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಆಗಲೇ ಇದ್ದುದರಿಂದ ‘ಡನ್’ ಆಯಿತು. ನನ್ನ 41ನೇ ಸಾಲಿನ ಗುಟ್ಟು 23ರಲ್ಲಿತ್ತು: 50 ಮಿಲಿಮೀಟರ್ ದಾಟಿದ ದಿನಗಳಿಗೆ ಗುರುತು ಹಾಕಲೆಂದು ಸೇರಿಸಿದ ‘ಇಫ್’ಗೆ ‘ಫೈ’ ಹಾಕಿರಲಿಲ್ಲ.

ಕೋಟ್ ಚಿಹ್ನೆ ಬಿಟ್ಟುಹೋದರೆ ಕಷ್ಟ ಹೆಚ್ಚು. ಒಂದು ಬಿಟ್ಟರೆ ಮುಂದಿನ ಜೋಡಿಗಳೆಲ್ಲ ಅದಲುಬದಲಾಗುತ್ತವೆ; ಮುಚ್ಚುವ ಚಿಹ್ನೆಯೇ ತೆರೆಯುವ ಚಿಹ್ನೆಯಂತೆ ಕಾಣುತ್ತದೆ. ಬಣ್ಣ ತೋರಿಸುವ ಎಡಿಟರ್‌ನಲ್ಲಿ ತೆರೆದು ನೋಡಿ, ಬಣ್ಣ ಕೆಟ್ಟಲ್ಲಿಂದ ಒಂದೆರಡು ಸಾಲು ಮೇಲಕ್ಕೆ ಹುಡುಕಿ. ಸಿಗದಿದ್ದರೆ ‘ಹೆಡ್ -20’ರಿಂದ ಮೊದಲ 20 ಸಾಲು ತೆಗೆದು | ಮೂಲಕ ‘ಬ್ಯಾಶ್ -ಎನ್’ಗೆ ಕೊಡಿ. ಸರಿ ಎಂದರೆ ತಪ್ಪು ಕೆಳಗಿನರ್ಧದಲ್ಲಿದೆ. ‘ಇಫ್’ ಅಥವಾ ‘ಡೂ’ ಮಧ್ಯಕ್ಕೆ ಮಾತ್ರ ಕತ್ತರಿ ಹಾಕಬೇಡಿ.

ಮೂರು: ಆಕ್ ಒಳಗೆ ಇಣುಕಿ

ಅಂಕಣಗಳ ವರದಿಯೆಂದರೆ ಆಕ್ (ಸಾಲುಗಳನ್ನು ಅಂಕಣಗಳಾಗಿ ಓದಿ ಲೆಕ್ಕ ಹಾಕುವ ಪ್ರೋಗ್ರಾಂ) ಇರಲೇಬೇಕು. ಅದರ ಆದೇಶಗಳು ಒಂಟಿ ಕೋಟ್‌ಗಳ ('...') ನಡುವೆ ಇರುತ್ತವೆ. ಒಳಗಿನ # ಟಿಪ್ಪಣಿಯಲ್ಲಿ ಇಂಗ್ಲಿಷಿನ ‘ಡೋಂಟ್’ ಬರೆದಿರೋ, ಅದರ ನಡುವಿನ ' ಚಿಹ್ನೆಯಲ್ಲೇ ಶೆಲ್ ಪಾಲಿಗೆ ಆಕ್ ಮುಗಿದುಹೋಯಿತು! ನಾನಂತೂ ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆಯುತ್ತೇನೆ. ಆ ಕಾಟವೇ ಇಲ್ಲ.

ನಾಲ್ಕು: ಕಣ್ಣಿಗೆ ಬೀಳದ ಕಸ

ಸಾಲು ಸರಿಯಾಗಿಯೇ ಇದೆ, ಆದರೂ ತಪ್ಪು ಎನ್ನುತ್ತಿದೆಯೇ? ವಿಂಡೋಸ್‌ನಲ್ಲಿ ಸೇವ್ ಮಾಡಿದ ಫೈಲಿನಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ಹೆಚ್ಚಿನ ಅಕ್ಷರವಿರುತ್ತದೆ. ‘ಕ್ಯಾಟ್ -ಎ’ (ದೊಡ್ಡ ಎ) ಕೊಟ್ಟರೆ ಅದು ^ಎಂ ಎಂದು ಕಾಣಿಸುತ್ತದೆ. ‘ಡಾಸ್‌ಟುಯುನಿಕ್ಸ್’ (ನಡುವಿನ ‘ಟು’ 2 ಎಂಬ ಅಂಕಿ) ಅದನ್ನು ಗುಡಿಸಿಹಾಕುತ್ತದೆ. ವರ್ಡ್‌ನಿಂದ ನಕಲಿಸಿ ಅಂಟಿಸಿದ್ದರೆ ಬಾಗಿದ ಕೋಟ್‌ಗಳು ಬಂದಿರಬಹುದು. ನಮಗೆ ಅವು ಚೆಂದ, ಶೆಲ್‌ಗೆ ಅವು ಕೋಟ್‌ಗಳೇ ಅಲ್ಲ. ಅಳಿಸಿ ಕೈಯಾರೆ ಟೈಪ್ ಮಾಡಿ.

ಐದು: ಪರೀಕ್ಷೆ ಪಾಸಾಗಿ ಕೆಲಸದಲ್ಲಿ ಫೇಲಾಗುವವು

ಇವು ‘-ಎನ್’ ಕೈಗೆ ಸಿಗುವುದಿಲ್ಲ. = ಚಿಹ್ನೆಯ ಅಕ್ಕಪಕ್ಕ ಜಾಗ ಬಿಟ್ಟು ಮೌಲ್ಯ ಕೊಡುವುದು, ಷರತ್ತು ಪರೀಕ್ಷಿಸುವ [ ಆದಮೇಲೆ ಜಾಗ ಬಿಡದಿರುವುದು — ಎರಡಕ್ಕೂ ‘ಕಮಾಂಡ್ ನಾಟ್ ಫೌಂಡ್’ ಎಂಬ ಒಂದೇ ಉತ್ತರ. 12.5 ಮಿಲಿಮೀಟರನ್ನು [ ] ಒಳಗೆ ‘-ಜಿಟಿ’ಯಿಂದ (ಇದಕ್ಕಿಂತ ಹೆಚ್ಚೇ ಎಂಬ ಪ್ರಶ್ನೆ) ಹೋಲಿಸಿದರೆ ಪೂರ್ಣಾಂಕ ಕೊಡಿ ಎನ್ನುತ್ತದೆ. ದಶಾಂಶದ ಲೆಕ್ಕವೆಲ್ಲ ಆಕ್‌ಗೇ ಇರಲಿ.

ನನ್ನನ್ನು ಹೆಚ್ಚು ಸತಾಯಿಸಿದ್ದು ಆಗಸ್ಟ್. ಜನವರಿಯಿಂದ ಜುಲೈವರೆಗೆ ಸರಿಯಾಗಿ ಓಡಿದ ಸ್ಕ್ರಿಪ್ಟ್ ‘08: ವ್ಯಾಲ್ಯೂ ಟೂ ಗ್ರೇಟ್ ಫಾರ್ ಬೇಸ್’ ಎಂದು ಕೂತುಬಿಟ್ಟಿತು. $(( )) ಲೆಕ್ಕದಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಬ್ಯಾಶ್ ಎಂಟರ ಪದ್ಧತಿಯದ್ದು ಎಂದುಕೊಳ್ಳುತ್ತದೆ, ಆ ಪದ್ಧತಿಯಲ್ಲಿ 8 ಮತ್ತು 9 ಎಂಬ ಅಂಕಿಗಳೇ ಇಲ್ಲ. 07ರವರೆಗೆ ನಡೆದದ್ದು ಅದೃಷ್ಟ. ಸಂಖ್ಯೆಯ ಮುಂದೆ 10# ಸೇರಿಸಿ, 10#08 ಎಂದಂತೆ, ಮುಗಿಯಿತು.

ಕನ್ನಡ ಅಂಕಿಗಳದ್ದು ಇನ್ನೂ ಮೋಸದ ಕಥೆ, ಏಕೆಂದರೆ ದೂರೇ ಬರುವುದಿಲ್ಲ. ಅಪ್ಪ ೪೨ ಎಂದು ಬರೆದ ಮಳೆಯನ್ನು ಆಕ್ ಸೊನ್ನೆ ಎಂದೇ ಕೂಡಿಸುತ್ತಿತ್ತು. ಈಗ ಆಕ್‌ಗೆ ಕೊಡುವ ಮೊದಲು ಫೈಲನ್ನು ಅಕ್ಷರಗಳನ್ನು ಬದಲಿಸಿಕೊಡುವ ಸೆಡ್ ಎಂಬ ಆದೇಶದ ಮೂಲಕ ಹಾಯಿಸುತ್ತೇನೆ: ಸೆಡ್ 'ವೈ/೦೧೨೩೪೫೬೭೮೯/0123456789/'. ಅಪ್ಪ ಇಂದಿಗೂ ಕನ್ನಡ ಅಂಕಿಯಲ್ಲೇ ಬರೆಯುತ್ತಾರೆ.