ಏರ್‌ಬ್ಯಾಗ್ ಇರುವ ಹಳೇ ಕಾರಿನ ಸ್ಟೀರಿಂಗ್ ಬದಲಾಯಿಸುವುದು ಹೇಗೆ?

ಹತ್ತು ಹನ್ನೆರಡು ವರ್ಷ ಓಡಿದ ಕಾರಿನ ಇಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ. ಸ್ಟೀರಿಂಗ್ ಮುಟ್ಟಿದರೆ ಮಾತ್ರ ಬೇಜಾರಾಗುತ್ತದೆ. ಮೇಲಿನ ಹೊದಿಕೆ ಸಿಪ್ಪೆ ಎದ್ದಿರುತ್ತದೆ, ಅಂಟಂಟಾಗಿರುತ್ತದೆ, ಕೈಗೆ ಕಪ್ಪು ಮೆತ್ತುತ್ತದೆ. ಮೈಸೂರು, ಮಂಡ್ಯದ ಹಳೇ ಬೀದಿಗಳಲ್ಲಿ ಕಾರಿಗೆ ಶೆಡ್ ಇರುವ ಮನೆಗಳು ಕಡಿಮೆ. ಬೇಸಿಗೆಯ ಮೂರು ತಿಂಗಳು ಮುಂದಿನ ಗಾಜಿನಿಂದ ಇಳಿಯುವ ಬಿಸಿಲೆಲ್ಲ ಸ್ಟೀರಿಂಗ್ ಮೇಲೇ ಬೀಳುತ್ತದೆ. ಗುಜರಿಯಲ್ಲೋ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಒಂದು ಒಳ್ಳೇ ಸ್ಟೀರಿಂಗ್ ಹುಡುಕಿ ಹಾಕಿಬಿಡೋಣ ಅಂತ ಆಸೆಯಾಗುವುದು ಸಹಜ.

ಸ್ಟೀರಿಂಗ್ ಬಿಚ್ಚುವುದು ಕಷ್ಟದ ಕೆಲಸವಲ್ಲ. ಅದನ್ನು ಹಿಡಿದಿಟ್ಟಿರುವುದು ಒಂದೇ ನಟ್ಟು. ಆದರೆ ಆ ನಟ್ಟಿನ ಮೇಲೆ ಏರ್‌ಬ್ಯಾಗ್ ಕೂತಿದೆ. ಈ ಲೇಖನದ ಮುಕ್ಕಾಲು ಪಾಲು ಅದನ್ನು ಹೇಗೆ ಮುಟ್ಟಬೇಕು, ಹೇಗೆ ಮುಟ್ಟಬಾರದು ಎಂಬುದರ ಬಗ್ಗೆಯೇ ಇದೆ. ಇದಕ್ಕೆ ಧೈರ್ಯ ಸಾಲದು, ತಾಳ್ಮೆ ಬೇಕು.

ಹಾರ್ನ್ ಒತ್ತುವ ಮುಚ್ಚಳದ ಹಿಂದೆ ಏನಿದೆ?

ಸ್ಟೀರಿಂಗ್ ನಡುವಿನ ಮುಚ್ಚಳದ ಹಿಂದೆ ಮಡಚಿಟ್ಟ ನೈಲಾನ್ ಚೀಲ ಇರುತ್ತದೆ. ಅದರ ಕೆಳಗೆ ಒಂದು ಲೋಹದ ಡಬ್ಬಿ. ಡಬ್ಬಿಯಲ್ಲಿ ಉರಿದು ಗ್ಯಾಸ್ ಆಗುವ ರಾಸಾಯನಿಕ, ಅದಕ್ಕೆ ಕಿಡಿ ಕೊಡುವ ಸಣ್ಣ ತಂತಿ. ಕಾರು ಜೋರಾಗಿ ಗುದ್ದಿದಾಗ ಕಂಟ್ರೋಲ್ ಯೂನಿಟ್ ಈ ತಂತಿಗೆ ಕರೆಂಟ್ ಹರಿಸುತ್ತದೆ. ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಮುಗಿಯುವುದರೊಳಗೆ ಚೀಲ ಪೂರ್ತಿ ಉಬ್ಬಿರುತ್ತದೆ. ನೀವು ಕಣ್ಣು ಮುಚ್ಚಿ ತೆರೆಯಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಬೆಲ್ಟ್ ಹಾಕಿಕೊಂಡು ಸರಿಯಾಗಿ ಕೂತವರಿಗೆ ಈ ವೇಗವೇ ರಕ್ಷಣೆ. ಬಗ್ಗಿ ನಟ್ಟು ಬಿಚ್ಚುತ್ತಿರುವವರ ಮುಖಕ್ಕೆ ಅದೇ ದೊಡ್ಡ ಏಟು.

ಬ್ಯಾಟರಿ ತೆಗೆದ ತಕ್ಷಣ ಅಪಾಯ ಮುಗಿಯುವುದಿಲ್ಲ. ಅಪಘಾತದಲ್ಲಿ ಬ್ಯಾಟರಿಯೇ ಒಡೆದು ಹೋದರೂ ಏರ್‌ಬ್ಯಾಗ್ ಕೆಲಸ ಮಾಡಲಿ ಅಂತ ಕಂಟ್ರೋಲ್ ಯೂನಿಟ್ ಒಳಗೆ ಕೆಪಾಸಿಟರ್ ಇಟ್ಟಿರುತ್ತಾರೆ. ಅದು ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಟ್ಟುಕೊಳ್ಳುತ್ತದೆ.

ಕೊಳ್ಳುವ ಮೊದಲು

ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದ್ದು 2019ರ ಜುಲೈ 1ರಿಂದ. ಅದಕ್ಕೂ ಮೊದಲು ಹೆಚ್ಚಿನ ಮಾದರಿಗಳಲ್ಲಿ ದುಬಾರಿ ವೇರಿಯಂಟ್‌ಗೆ ಮಾತ್ರ ಏರ್‌ಬ್ಯಾಗ್ ಇರುತ್ತಿತ್ತು. ಹಾಗಾಗಿ ಒಂದೇ ಹೆಸರಿನ, ಒಂದೇ ವರ್ಷದ ಎರಡು ಕಾರುಗಳ ಸ್ಟೀರಿಂಗ್ ಒಳಗಡೆ ಬೇರೆ ಬೇರೆ ಇರಬಹುದು. ಅಂಗಡಿಯವರು ‘ಅದೇ ಗಾಡೀದು ಸಾರ್’ ಅಂದರೆ ಸಾಲದು. ನಿಮ್ಮ ಕಾರಿನ ವೇರಿಯಂಟ್ ಮತ್ತು ಬಿಡಿಭಾಗದ ನಂಬರ್ ಹೊಂದಬೇಕು. ಆಡಿಯೊ ಬಟನ್ ಇರುವ ಸ್ಟೀರಿಂಗ್ ಬೇಕೆಂದರೆ ಅದರ ಹಿಂದೆ ವೈರುಗಳನ್ನು ಸುರುಳಿ ಸುತ್ತಿಟ್ಟ ಡಬ್ಬಿಯಲ್ಲೂ (ಇದಕ್ಕೆ ಕ್ಲಾಕ್ ಸ್ಪ್ರಿಂಗ್ ಅಂತ ಹೆಸರು) ಅಷ್ಟು ವೈರುಗಳಿರಬೇಕು. ಇಲ್ಲದಿದ್ದರೆ ಬಟನ್ನುಗಳು ಸುಮ್ನೆ ಅಲಂಕಾರಕ್ಕೆ.

ಗುಜರಿಯಿಂದ ಸ್ಟೀರಿಂಗ್ ಚಕ್ರ ಮಾತ್ರ ತನ್ನಿ. ಏರ್‌ಬ್ಯಾಗ್ ತರಬೇಡಿ. ನಿಮ್ಮ ಕಾರಿನ ಏರ್‌ಬ್ಯಾಗ್ ಚೆನ್ನಾಗಿದ್ದರೆ ಅದನ್ನೇ ಹೊಸ ಚಕ್ರಕ್ಕೆ ಕೂರಿಸಿ. ಹಳೇ ಏರ್‌ಬ್ಯಾಗ್ ನೀರಲ್ಲಿ ಮುಳುಗಿದ ಕಾರಿನದೋ, ಒಮ್ಮೆ ಒಡೆದು ಮುಚ್ಚಳ ಅಂಟಿಸಿದ್ದೋ ಹೊರಗಿನಿಂದ ಗೊತ್ತಾಗುವುದಿಲ್ಲ. ಒಡೆದ ಏರ್‌ಬ್ಯಾಗ್ ಜಾಗದಲ್ಲಿ ಸಣ್ಣ ರೆಸಿಸ್ಟರ್ ಸೇರಿಸಿ ಮೀಟರ್ ಬೋರ್ಡಿನ ದೀಪ ಆರಿಸುವ ಮೋಸವೂ ಇದೆ. ಆ ಕಾರಿನವರು ಏರ್‌ಬ್ಯಾಗ್ ಇದೆ ಅಂದುಕೊಂಡೇ ಹೆದ್ದಾರಿಗೆ ಇಳಿಯುತ್ತಾರೆ. ಇದಕ್ಕಿಂತ ಕೆಟ್ಟ ಕೆಲಸ ಗ್ಯಾರೇಜಿನಲ್ಲಿ ಇನ್ನೊಂದಿಲ್ಲ.

ಏರ್‌ಬ್ಯಾಗ್ ಇಲ್ಲದ ಸಣ್ಣ ಸ್ಪೋರ್ಟ್ಸ್ ಸ್ಟೀರಿಂಗ್ ಹಾಕಿಸುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಾಡು ಮಾಡುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ವಿಮೆಯವರೂ ತಕರಾರು ತೆಗೆಯಬಹುದು. ಇವೆಲ್ಲ ಇರಲಿ. ಮೈಸೂರು–ಬೆಂಗಳೂರು ಹೆದ್ದಾರಿಯ ವೇಗದಲ್ಲಿ ಎದೆಗೂ ಸ್ಟೀರಿಂಗಿಗೂ ನಡುವೆ ಇರುವುದು ಅದೊಂದೇ ಚೀಲ. ಕಾರು ಹಳೇದಾದ ಮಾತ್ರಕ್ಕೆ ಒಳಗೆ ಕೂತವರ ಜೀವ ಅಗ್ಗವಾಗುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳನ್ನು ಹಲವು ಕಾರು ಕಂಪನಿಗಳು ಜಗತ್ತಿನಾದ್ಯಂತ ವಾಪಸ್ ಕರೆಸಿಕೊಂಡಿವೆ. ಅವುಗಳಲ್ಲಿ ಬಳಸಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ, ತೇವಕ್ಕೆ ಸಿಕ್ಕಿ ಕೆಡುತ್ತದೆ. ಆಮೇಲೆ ಏರ್‌ಬ್ಯಾಗ್ ತೆರೆದುಕೊಂಡರೆ ಡಬ್ಬಿಯೇ ಸಿಡಿದು ಲೋಹದ ಚೂರು ಹಾರುತ್ತದೆ. ಭಾರತದಲ್ಲೂ ಹೋಂಡಾದಂಥ ಕಂಪನಿಗಳು ಹಳೇ ಕಾರುಗಳಿಗೆ ಇದನ್ನು ಉಚಿತವಾಗಿ ಬದಲಾಯಿಸಿಕೊಟ್ಟಿವೆ. ನಿಮ್ಮ ಕಾರು ಕೈಯಿಂದ ಕೈಗೆ ಬಂದದ್ದಾದರೆ ಹಿಂದಿನವರು ಮಾಡಿಸಿರದಿರಬಹುದು. ಕಂಪನಿಯ ಜಾಲತಾಣದಲ್ಲಿ ಚಾಸಿ ನಂಬರ್ ಹಾಕಿ ನೋಡಿ, ಇಲ್ಲವೇ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಪಟ್ಟಿಯಲ್ಲಿದ್ದರೆ ಮೊದಲು ಅದು ಆಗಲಿ.

ಈಗ ಕೀ ತಿರುಗಿಸಿ ಮೀಟರ್ ಬೋರ್ಡ್ ನೋಡಿ. ಏರ್‌ಬ್ಯಾಗ್ ಅಥವಾ ಎಸ್‌ಆರ್‌ಎಸ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ ಇದೆ. ಹತ್ತಲೇ ಇಲ್ಲವೆಂದರೆ ಯಾರೋ ಬಲ್ಬ್ ಕಿತ್ತಿರಬಹುದು. ಈ ಎರಡರಲ್ಲಿ ಯಾವುದಿದ್ದರೂ ಮನೆಯಲ್ಲಿ ಕೈ ಹಾಕಬೇಡಿ. ದೀಪ ಉರಿಯುತ್ತಿದ್ದು, ಹಾರ್ನ್ ಕೂಡ ಕೆಲಸ ಮಾಡದೆ, ತಿರುಗಿಸುವಾಗ ಒಳಗೆ ಕರಕರ ಸದ್ದು ಬಂದರೆ ಅನುಮಾನ ಕ್ಲಾಕ್ ಸ್ಪ್ರಿಂಗ್ ಮೇಲೆ.

ಬಿಚ್ಚುವುದು

ಸಮತಟ್ಟಾದ ಜಾಗದಲ್ಲಿ ಕಾರನ್ನು ನೇರವಾಗಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ. ಮುಂದಿನ ಚಕ್ರಗಳು ನೆಟ್ಟಗಿರಬೇಕು, ಸ್ಟೀರಿಂಗ್ ಕೂಡ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಆಡಿಯೊ ಸೆಟ್‌ಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ. ಕೀ ಆಫ್ ಮಾಡಿ ಹೊರಗೆ ತೆಗೆಯಿರಿ.

ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ತಾನಾಗಿ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಈಗ ಕಾಯಬೇಕು. ಕಾರಿನ ಪುಸ್ತಕದಲ್ಲಿ 90 ಸೆಕೆಂಡ್ ಎಂದೋ 3 ನಿಮಿಷ ಎಂದೋ ಇರಬಹುದು, ಕೆಲವದರಲ್ಲಿ ಇನ್ನೂ ಜಾಸ್ತಿ. ನನ್ನ ಮಾತು ಕೇಳುವುದಾದರೆ ಅರ್ಧ ಗಂಟೆ ಬಿಡಿ. ಹಳೇ ಕಾರಿನ ವೈರಿಂಗ್ ಮೇಲೆ ಯಾರ್ಯಾರು ಕೈಯಾಡಿಸಿದ್ದಾರೋ ಗೊತ್ತಿಲ್ಲ. ಆ ಹೊತ್ತಿನಲ್ಲಿ ಕಾಫಿ ಕುಡಿದು, ಬೇಕಾದ ಸಾಮಾನು ಜೋಡಿಸಿಕೊಳ್ಳಿ: ಬಾಕ್ಸ್ ಸ್ಪ್ಯಾನರ್, ಉದ್ದ ಹಿಡಿ, ನಕ್ಷತ್ರದ ತಲೆಯ ಸ್ಕ್ರೂಗೆ ಟಾರ್ಕ್ಸ್ ಬಿಟ್, ಚಕ್ರ ಎಳೆದು ಕಳಚಲು ಸ್ಟೀರಿಂಗ್ ಪುಲ್ಲರ್, ಬೇಕಾದಷ್ಟೇ ಬಿಗಿ ಮಾಡಲು ಟಾರ್ಕ್ ರೆಂಚ್, ಗುರುತು ಹಾಕಲು ಮಾರ್ಕರ್, ಅಂಟುಪಟ್ಟಿ. ಪುಲ್ಲರ್, ಟಾರ್ಕ್ ರೆಂಚ್ ಎರಡನ್ನೂ ಕೊಳ್ಳಲೇಬೇಕು ಅಂತಿಲ್ಲ. ಗೊತ್ತಿರುವ ಗ್ಯಾರೇಜಿನವರು ಒಂದು ದಿನಕ್ಕೆ ಕೊಡುತ್ತಾರೆ.

ಏರ್‌ಬ್ಯಾಗ್ ಮುಟ್ಟುವ ಮೊದಲು ಕಾರಿನ ಬರೀ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಟಾಟಿಕ್ ಕರೆಂಟ್ ಇಳಿಯಲಿ. ಸ್ಟೀರಿಂಗ್ ಹಿಂಬದಿಯಲ್ಲಿ, ಎರಡೂ ಪಕ್ಕ, ಸಣ್ಣ ಮುಚ್ಚಳ ಅಥವಾ ರಂಧ್ರ ಕಾಣುತ್ತವೆ. ಹಳೇ ಟೊಯೊಟಾದಂಥ ಕಾರುಗಳಲ್ಲಿ ಅಲ್ಲಿ ನಕ್ಷತ್ರದ ತಲೆಯ ಟಿ-30 ಸ್ಕ್ರೂ ಇರುತ್ತದೆ. ಕೆಲವು ಸ್ಕ್ರೂ ಸಡಿಲವಾದರೂ ಪೂರ್ತಿ ಹೊರಗೆ ಬರುವುದಿಲ್ಲ, ಎಳೆಯಬೇಡಿ. ಇನ್ನು ಕೆಲವು ಕಾರುಗಳಲ್ಲಿ ಸ್ಕ್ರೂ ಬದಲು ಸ್ಪ್ರಿಂಗ್ ಕ್ಲಿಪ್ ಇರುತ್ತದೆ, ತೆಳು ಕಡ್ಡಿಯಿಂದ ಒತ್ತಬೇಕು. ನಿಮ್ಮದು ಯಾವ ಬಗೆ ಅಂತ ಆ ಮಾದರಿಯ ವರ್ಕ್‌ಶಾಪ್ ಪುಸ್ತಕ ನೋಡಿ ತಿಳಿದುಕೊಳ್ಳಿ. ಮುಂದಿನಿಂದ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ.

ಮುಚ್ಚಳ ಬಿಟ್ಟುಕೊಂಡ ಮೇಲೆ ನಿಧಾನವಾಗಿ ಮುಂದಕ್ಕೆ ತನ್ನಿ. ಹಿಂದೆ ಹಳದಿ ಬಣ್ಣದ ಕಪ್ಲರ್ ಇರುತ್ತದೆ. ಹಳದಿ ಇದ್ದಲ್ಲಿ ಏರ್‌ಬ್ಯಾಗ್ ವೈರ್ ಅಂತ ತಿಳಿಯಿರಿ. ಕಪ್ಲರ್‌ನ ಲಾಕ್ ಮೊದಲು ಎತ್ತಿ, ಆಮೇಲೆ ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ. ಹಾರ್ನ್ ವೈರನ್ನೂ ಬಿಡಿಸಿ.

ಏರ್‌ಬ್ಯಾಗನ್ನು ಎತ್ತಿಕೊಂಡು ಹೋಗುವಾಗ ಮುಚ್ಚಳದ ಮುಖ ನಿಮ್ಮ ಮೈಯಿಂದ ಆಚೆ ಇರಲಿ. ಇಡುವಾಗ ಮುಖ ಮೇಲಕ್ಕಿರಲಿ. ಮುಖ ಕೆಳಗಾಗಿದ್ದು ಅದು ತೆರೆದುಕೊಂಡರೆ ಭಾರದ ಲೋಹವೇ ಮೇಲಕ್ಕೆ ಚಿಮ್ಮುತ್ತದೆ. ಅದರ ಮೇಲೆ ಏನನ್ನೂ ಇಡಬೇಡಿ. ಬಿಸಿಲು, ಒಲೆ, ಮಕ್ಕಳು ಇಲ್ಲದ ಕೋಣೆಯಲ್ಲಿರಲಿ. ಮಲ್ಟಿಮೀಟರ್ ಹಚ್ಚಿ ‘ಸರಿಯಿದೆಯಾ’ ಅಂತ ಯಾವತ್ತೂ ನೋಡಬೇಡಿ. ಮೀಟರ್ ಹರಿಸುವ ಸಣ್ಣ ಕರೆಂಟೂ ಆ ತಂತಿಗೆ ಸಾಕಾಗಬಹುದು.

ಈಗ ನಡುವಿನ ನಟ್ಟು. ಬಿಚ್ಚುವಾಗ ಸ್ಟೀರಿಂಗ್ ಚಕ್ರ ತಿರುಗದಂತೆ ಇನ್ನೊಬ್ಬರು ಎರಡೂ ಕೈಯಲ್ಲಿ ಹಿಡಿದುಕೊಳ್ಳಲಿ. ಕೀ ತೆಗೆದಾಗ ಬೀಳುವ ಸ್ಟೀರಿಂಗ್ ಲಾಕ್ ಮೇಲೆ ಬಲ ಹಾಕಬೇಡಿ, ಅದು ಮುರಿಯುತ್ತದೆ. ನಟ್ಟು ಸಡಿಲಾದ ಮೇಲೆ ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಉಳಿಸಿ. ಬಿಗಿಯಾಗಿ ಕೂತ ಚಕ್ರ ಒಮ್ಮೆಗೇ ಕಳಚಿಕೊಂಡು ಮುಖಕ್ಕೆ ಬಡಿಯುವುದು ಹೀಗೆ ತಪ್ಪುತ್ತದೆ. ಶಾಫ್ಟ್‌ಗೂ ಚಕ್ರಕ್ಕೂ ನೇರದಲ್ಲಿ ಮಾರ್ಕರ್ ಗೆರೆ ಹಾಕಿ. ಪುಲ್ಲರ್ ಕೂರಿಸಿ ಬಿಗಿ ಮಾಡುತ್ತಾ ಬಂದರೆ ಚಕ್ರ ಕಳಚುತ್ತದೆ. ಸುತ್ತಿಗೆ ಏಟು ಕೊಡಬೇಡಿ. ಅಪಘಾತದಲ್ಲಿ ಕುಗ್ಗಲೆಂದೇ ಮಾಡಿದ ಸ್ಟೀರಿಂಗ್ ಕಾಲಂ ಆ ಏಟಿಗೆ ಕೆಡುತ್ತದೆ. ಆ ಕೇಡು ಹೊರಗೆ ಕಾಣುವುದೂ ಇಲ್ಲ.

ಕ್ಲಾಕ್ ಸ್ಪ್ರಿಂಗ್: ಹೆಚ್ಚಿನವರು ಎಡವುವ ಜಾಗ

ಚಕ್ರ ತೆಗೆದರೆ ಹಿಂದೆ ಪ್ಲಾಸ್ಟಿಕ್ಕಿನ ಚಪ್ಪಟೆ ಡಬ್ಬಿ ಕಾಣುತ್ತದೆ. ಅದೇ ಕ್ಲಾಕ್ ಸ್ಪ್ರಿಂಗ್. ಒಳಗೆ ವೈರುಗಳ ತೆಳು ಪಟ್ಟಿಯನ್ನು ಸುರುಳಿ ಸುತ್ತಿಟ್ಟಿರುತ್ತಾರೆ. ಸ್ಟೀರಿಂಗ್ ಎಷ್ಟು ತಿರುಗಿದರೂ ಏರ್‌ಬ್ಯಾಗ್, ಹಾರ್ನ್‌ಗಳಿಗೆ ಸಂಪರ್ಕ ತಪ್ಪದಿರುವುದು ಇದರಿಂದ. ಆದರೆ ಪಟ್ಟಿಯ ಉದ್ದಕ್ಕೆ ಮಿತಿ ಇದೆ. ನಡುವಿನಿಂದ ಎಡಕ್ಕೆ ಇಷ್ಟು ಸುತ್ತು, ಬಲಕ್ಕೆ ಇಷ್ಟು ಸುತ್ತು, ಅಷ್ಟೇ.

ಚಕ್ರ ಕಳಚಿದ ಕೂಡಲೇ ಇದು ಅಲುಗದಂತೆ ಅಂಟುಪಟ್ಟಿ ಹಾಕಿ. ಕೈ ತಾಗಿ ಒಂದು ಸುತ್ತು ತಿರುಗಿತು, ಗಮನಿಸಲಿಲ್ಲ ಅಂದುಕೊಳ್ಳಿ. ಹಾಗೇ ಜೋಡಿಸಿದರೆ ಮೊದಲ ದಿನ ಎಲ್ಲ ಸರಿಯಾಗಿಯೇ ಇರುತ್ತದೆ. ಯಾವತ್ತೋ ಕಾರನ್ನು ಹಿಂದಕ್ಕೆ ತೆಗೆಯಲು ಸ್ಟೀರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿದಾಗ ಪಟ್ಟಿ ಹರಿಯುತ್ತದೆ. ಹಾರ್ನ್ ನಿಲ್ಲುತ್ತದೆ, ಏರ್‌ಬ್ಯಾಗ್ ದೀಪ ಹತ್ತುತ್ತದೆ.

ತಿರುಗಿಹೋಗಿದ್ದರೆ ನಡುವಿಗೆ ತರಬಹುದು. ಬಲ ಹಾಕದೆ, ಬೆರಳ ತುದಿಯಲ್ಲಿ ಒಂದು ಕಡೆಗೆ ಬಿಗಿಯಾಗುವವರೆಗೆ ತಿರುಗಿಸಿ. ಅಲ್ಲಿಂದ ಇನ್ನೊಂದು ಕಡೆಗೆ ಸುತ್ತು ಎಣಿಸುತ್ತಾ ತಿರುಗಿಸಿ, ಒಟ್ಟು ಸುತ್ತಿನ ಅರ್ಧಕ್ಕೆ ವಾಪಸ್ ಬನ್ನಿ. ಹಲವು ಕಾರುಗಳಲ್ಲಿ ನಡುವಿನಿಂದ ಪ್ರತಿ ಕಡೆಗೆ ಸುಮಾರು ಎರಡೂವರೆ ಸುತ್ತು ಇರುತ್ತದೆ. ಡಬ್ಬಿಯ ಮೇಲಿನ ಬಾಣದ ಗುರುತುಗಳು ಒಂದಕ್ಕೊಂದು ಎದುರಾದರೆ ನಡು ಸಿಕ್ಕಿತು ಅಂತ ಅರ್ಥ. ಇದೆಲ್ಲ ಮುಂದಿನ ಚಕ್ರಗಳು ನೆಟ್ಟಗಿರುವಾಗಲೇ ಆಗಬೇಕು.

ಜೋಡಿಸುವುದು

ಹೊಸ ಚಕ್ರಕ್ಕೂ ಹಳೆಯದರ ಜಾಗದಲ್ಲೇ ಗೆರೆ ಹಾಕಿ, ಶಾಫ್ಟಿನ ಗೆರೆಗೆ ಸೇರಿಸಿ ಕೂರಿಸಿ. ವೈರುಗಳನ್ನು ಮೊದಲು ಚಕ್ರದ ರಂಧ್ರದಿಂದ ಹೊರಗೆ ತನ್ನಿ, ಎಲ್ಲೂ ಸಿಕ್ಕಿಕೊಳ್ಳಬಾರದು. ಆಮೇಲೆ ಅಂಟುಪಟ್ಟಿ ತೆಗೆಯಿರಿ. ನಟ್ಟು ಹೊಸದು ಹಾಕುವುದು ಒಳ್ಳೆಯದು. ಹಲವು ಸಣ್ಣ ಕಾರುಗಳಲ್ಲಿ ಅದರ ಬಿಗಿ 30ರಿಂದ 50 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ನಿಮ್ಮ ಮಾದರಿಯ ಅಂಕಿಯನ್ನೇ ಟಾರ್ಕ್ ರೆಂಚ್‌ನಲ್ಲಿ ಇಟ್ಟುಕೊಳ್ಳಿ. ಅಂದಾಜು ಬೇಡ.

ಏರ್‌ಬ್ಯಾಗ್‌ನ ಹಳದಿ ಕಪ್ಲರ್ ‘ಟಿಕ್’ ಅನ್ನುವವರೆಗೆ ಒತ್ತಿ, ಲಾಕ್ ಇಳಿಸಿ, ಸ್ಕ್ರೂಗಳನ್ನು ವರ್ಕ್‌ಶಾಪ್ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಕಾರಿನೊಳಗೆ ಯಾರೂ ಇಲ್ಲದಾಗ ಬ್ಯಾಟರಿ ವೈರ್ ಹಾಕಿ. ಬಾಗಿಲ ಪಕ್ಕ ನಿಂತು, ಸ್ಟೀರಿಂಗ್ ಎದುರು ಬರದೆ, ಕೈ ಮಾತ್ರ ಚಾಚಿ ಕೀ ತಿರುಗಿಸಿ. ದೀಪ ಹತ್ತಿ ಆರಿದರೆ ಸರಿ. ಆರದಿದ್ದರೆ ಮತ್ತೆ ಬ್ಯಾಟರಿ ತೆಗೆದು ಕಾದು, ಕಪ್ಲರ್ ನೋಡಿ. ಆಗಲೂ ಸರಿಹೋಗದಿದ್ದರೆ ದೋಷದ ಕೋಡ್ ಓದುವ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಕೊಡಿ. ಕೋಡ್ ಅಳಿಸಿ ದೀಪ ಆರಿಸುವುದಲ್ಲ, ಕಾರಣ ಹುಡುಕುವವರ ಹತ್ತಿರ ಹೋಗಿ.

ಹಾರ್ನ್, ಇಂಡಿಕೇಟರ್ ನೋಡಿ. ಇಂಡಿಕೇಟರ್ ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ವಾಪಸ್ ಬಂದರೆ ನಡು ತಪ್ಪಿದೆ ಎಂದರ್ಥ. ಮೊದಲ ಓಟಕ್ಕೆ ಚಾಮುಂಡಿ ಬೆಟ್ಟದ ತಿರುವುಗಳಾಗಲಿ, ಕಬ್ಬಿನ ಗಾಡಿಗಳ ನಡುವಿನ ಮಂಡ್ಯ ರಸ್ತೆಯಾಗಲಿ ಬೇಡ. ಜನ ಇಲ್ಲದ ನೇರ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ. ಸ್ಟೀರಿಂಗ್ ಸ್ವಲ್ಪ ಓರೆ ಕಂಡರೆ ಚಕ್ರ ಶಾಫ್ಟಿನ ಮೇಲೆ ಒಂದು ಹಲ್ಲು ಆಚೀಚೆ ಕೂತಿರುತ್ತದೆ, ಬ್ಯಾಟರಿ ತೆಗೆಯುವುದರಿಂದ ಮತ್ತೆ ಶುರು ಮಾಡಬೇಕು. ಕಾರಿನಲ್ಲಿ ಇಎಸ್‌ಪಿ (ಕಾರು ಜಾರದಂತೆ ಹಿಡಿತದಲ್ಲಿಡುವ ವ್ಯವಸ್ಥೆ) ಇದ್ದರೆ ಸ್ಟೀರಿಂಗ್ ಕೋನದ ಸೆನ್ಸರನ್ನು ಸ್ಕ್ಯಾನರ್‌ನಿಂದ ಹೊಂದಿಸಬೇಕಾಗಬಹುದು.

ಕೊನೆಗೆ ಸೀಟು. ಎದೆಗೂ ಸ್ಟೀರಿಂಗ್ ನಡುವಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಇರಲಿ. ಬೆಲ್ಟ್ ಇಲ್ಲದೆ ಏರ್‌ಬ್ಯಾಗ್ ನೆಚ್ಚಿಕೊಳ್ಳಬೇಡಿ. ಆಯುಧಪೂಜೆಗೆ ಸ್ಟೀರಿಂಗ್ ನಡುವೆ ಲೋಹದ ದೇವರ ಬಿಲ್ಲೆ ಅಂಟಿಸುವವರು ನಮ್ಮೂರಲ್ಲಿ ಬಹಳ. ಏರ್‌ಬ್ಯಾಗ್ ಮುಚ್ಚಳ ಸೀಳಿ ತೆರೆದುಕೊಳ್ಳುವಾಗ ಆ ಬಿಲ್ಲೆ ನೇರ ಮುಖಕ್ಕೆ ಬರುತ್ತದೆ. ಪಕ್ಕದ ಸೀಟಿಗೂ ಏರ್‌ಬ್ಯಾಗ್ ಇದ್ದರೆ ಡ್ಯಾಶ್‌ಬೋರ್ಡ್ ಮೇಲಿನ ವಿಗ್ರಹಕ್ಕೂ ಇದೇ ಮಾತು. ಕುಂಕುಮ, ವಿಭೂತಿ ಬಾನೆಟ್ಟಿಗೆ ಹಚ್ಚಿ.

ಬಿಚ್ಚಿದ ಹಳೇ ಚಕ್ರವನ್ನು ಗುಜರಿಗೆ ಹಾಕಬಹುದು. ಹಳೇ ಏರ್‌ಬ್ಯಾಗ್ ಏನಾದರೂ ಉಳಿದಿದ್ದರೆ ಗುಜರಿಗೂ ಬೇಡ, ಕಸದ ಗಾಡಿಗೂ ಬೇಡ. ಕಂಪನಿಯ ಸರ್ವಿಸ್ ಸೆಂಟರಿಗೇ ಒಪ್ಪಿಸಿ.