ಚಾರ್ಟರ್ ಶಾಲೆ, ಪಬ್ಲಿಕ್ ಶಾಲೆ: ಅಂಕ ಹೋಲಿಸುವುದು ಹೇಗೆ?

ಅಮೆರಿಕಕ್ಕೆ ಬಂದ ಹೊಸತು. ಮಗಳನ್ನು ಆರನೇ ಕ್ಲಾಸಿಗೆ ಸೇರಿಸಬೇಕಿತ್ತು. ಮನೆ ಹತ್ತಿರ ಒಂದು ಪಬ್ಲಿಕ್ ಶಾಲೆ (ಇಲ್ಲಿ ಹಾಗಂದರೆ ಸರ್ಕಾರಿ ಶಾಲೆ), ಒಂದು ಚಾರ್ಟರ್ ಶಾಲೆ (ಸರ್ಕಾರದ ದುಡ್ಡಿನಲ್ಲೇ ಬೇರೆ ಸಂಸ್ಥೆ ಸ್ವತಂತ್ರವಾಗಿ ನಡೆಸುವ, ಫೀಸಿಲ್ಲದ ಶಾಲೆ) ಇದ್ದವು. ಎರಡರ ಪರೀಕ್ಷಾ ಫಲಿತಾಂಶವನ್ನೂ ಪಕ್ಕಪಕ್ಕ ಇಟ್ಟುಕೊಂಡೆ. ಗಣಿತದಲ್ಲಿ 'ಪ್ರೊಫಿಶಿಯೆಂಟ್' ಆದವರು, ಅಂದರೆ ರಾಜ್ಯದ ಪರೀಕ್ಷೆಯಲ್ಲಿ ನಿಗದಿಯಾದ ಮಟ್ಟ ಮುಟ್ಟಿದವರು, ಶೇಕಡಾವಾರು ಚಾರ್ಟರ್‌ನಲ್ಲೇ ಜಾಸ್ತಿ. ಹಿಂದೆಮುಂದೆ ನೋಡದೆ ಅರ್ಜಿ ಹಾಕಿಬಿಟ್ಟೆ.

ನೀವು ಹಾಗೆ ಮಾಡಬೇಡಿ. ಆ ಶೇಕಡಾವಾರು ಹೇಳುವುದು ಮಕ್ಕಳು ಎಲ್ಲಿ ನಿಂತಿದ್ದಾರೆ ಅಂತ ಮಾತ್ರ. ಅಲ್ಲಿಗೆ ತಂದು ನಿಲ್ಲಿಸಿದ್ದು ಶಾಲೆಯೋ ಮನೆಯೋ ಗೊತ್ತಾಗುವುದಿಲ್ಲ. ಮೊದಲು 'ಗ್ರೋತ್' ಅಂಕಿ ಹುಡುಕಿ. ಹೋದ ವರ್ಷ ಇಷ್ಟೇ ಅಂಕ ತೆಗೆದಿದ್ದ ಬೇರೆ ಮಕ್ಕಳಿಗಿಂತ ಇವರು ಎಷ್ಟು ಮುಂದೆ ಹೋದರು ಅನ್ನುವ ಲೆಕ್ಕ ಅದು. ಜೊತೆಗೆ ಮನೆಯ ಆದಾಯ ಕಡಿಮೆ ಅಂತ ಉಚಿತ ಊಟ ಪಡೆಯುವವರು, ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವವರು, ವಿಶೇಷ ಶಿಕ್ಷಣ ಬೇಕಾದವರು ಎಷ್ಟಿದ್ದಾರೆ ಅಂತಲೂ ನೋಡಿ.

ಇಷ್ಟಾದರೂ ಒಂದು ತೊಡಕಿದೆ. ಚಾರ್ಟರ್‌ಗೆ ಅರ್ಜಿ ಹಾಕುವ ಅಪ್ಪ-ಅಮ್ಮನೇ ಸ್ವಲ್ಪ ಬೇರೆ ಥರ, ಅಲ್ವಾ? ಇದಕ್ಕೆ ಒಳ್ಳೆಯ ಮದ್ದು ಲಾಟರಿ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಚೀಟಿ ಎತ್ತುತ್ತಾರೆ. ಸೀಟು ಸಿಕ್ಕವರು, ಸಿಗದವರು ಇಬ್ಬರೂ ಅರ್ಜಿ ಹಾಕಿದವರೇ. ಮುಂದೆ ಅವರ ಅಂಕದಲ್ಲಿ ಕಾಣುವ ವ್ಯತ್ಯಾಸ ಶಾಲೆಯದ್ದು. ಬಾಸ್ಟನ್‌ನಲ್ಲಿ ಹೀಗೆ ಅಳೆದಾಗ ಚಾರ್ಟರ್ ಮಕ್ಕಳು ಗಣಿತದಲ್ಲಿ ತುಂಬಾ ಮುಂದಿದ್ದರು. 15 ರಾಜ್ಯಗಳ 36 ಮಾಧ್ಯಮಿಕ ಚಾರ್ಟರ್‌ಗಳನ್ನು ಅಳೆದ 2010ರ ವರದಿಯಲ್ಲಿ ಸರಾಸರಿ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಲಾಟರಿ ನಡೆಯುವುದು ಬೇಡಿಕೆ ಇರುವ ಶಾಲೆಗಳಲ್ಲಿ ಮಾತ್ರ. ಖಾಲಿ ಬಿದ್ದಿರುವ ಚಾರ್ಟರ್‌ಗಳು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೋ ಎಂಬ ಸಂಶೋಧನಾ ತಂಡದ ದಾರಿ ಬೇರೆ. ಪ್ರತಿ ಚಾರ್ಟರ್ ಮಗುವಿಗೂ ಹಿಂದಿನ ಅಂಕ, ಕ್ಲಾಸು, ಮನೆಯ ಬಡತನ ಎಲ್ಲ ಹೊಂದುವ 'ಜೋಡಿ'ಯನ್ನು ಪಬ್ಲಿಕ್ ಶಾಲೆಯಿಂದ ಹುಡುಕುತ್ತಾರೆ. ಅವರ 2023ರ ವರದಿಯ ಪ್ರಕಾರ ಚಾರ್ಟರ್ ಮಕ್ಕಳು ವರ್ಷಕ್ಕೆ ಓದಿನಲ್ಲಿ 16 ದಿನ, ಗಣಿತದಲ್ಲಿ 6 ದಿನದ ಕಲಿಕೆಯಷ್ಟು ಮುಂದೆ. ಅದೇ ವರದಿಯಲ್ಲಿ ಆನ್‌ಲೈನ್ ಚಾರ್ಟರ್‌ಗಳು ಗಣಿತದಲ್ಲಿ 124 ದಿನ ಹಿಂದೆ! ಸುಮ್ನೆ 'ಚಾರ್ಟರ್' ಅನ್ನುವ ಹೆಸರು ನೋಡಿ ತೀರ್ಮಾನ ಮಾಡಲಾಗದು.

ಕೊನೆಗೆ ತಲೆ ಎಣಿಸಿ. ಎರಡೂ ಶಾಲೆಗಳಲ್ಲಿ ಎಣಿಸಿ, ಮಕ್ಕಳು ಎಲ್ಲಿಂದಲೂ ಬಿಟ್ಟು ಹೋಗುತ್ತಾರೆ. ನಾನು ಅರ್ಜಿ ಹಾಕಿದ ಚಾರ್ಟರ್‌ನಲ್ಲಿ ಆರನೇ ಕ್ಲಾಸಿಗೆ ಸೇರಿದವರು 90, ಅದೇ ಬ್ಯಾಚು ಎಂಟಕ್ಕೆ ಬಂದಾಗ 61. ಬಿಟ್ಟು ಹೋದವರ ಜಾಗಕ್ಕೆ ಬೇರೆಯವರನ್ನು ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದೆ. ಇಲ್ಲ ಅಂದರು. ನಾನು ಮೆಚ್ಚಿದ್ದು ಆ 61 ಮಕ್ಕಳ ಅಂಕವನ್ನು.