ಎದುರಿಗೆ ಬಂದು ಸಹಿ ಮಾಡಿ: ಗದಗಿನ ನೋಟರಿಯೊಬ್ಬನ ಅನುಭವ

ಹೆಬ್ಬೆಟ್ಟು ಒತ್ತಿದ ಕಾಗದ ನನ್ನ ಮೇಜಿನ ಮೇಲಿತ್ತು. ಒತ್ತಿದ ಮನುಷ್ಯ ಇರಲಿಲ್ಲ. ಕಾಗದ ತಂದವನು ರೋಣ ತಾಲ್ಲೂಕಿನ ಹಳ್ಳಿಯಿಂದ ಬಂದ ನಡುವಯಸ್ಸಿನ ಮಗ.

“ಅಪ್ಪನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಸಾಹೇಬರೇ. ಮನೆಯಲ್ಲಿಯೇ ಹೆಬ್ಬೆಟ್ಟು ಹಾಕಿಸಿದ್ದೇನೆ. ನೀವು ಸೀಲ್ ಒತ್ತಿಕೊಟ್ಟರೆ ಸಾಕು.”

“ಅಪ್ಪ ಈಗ ಎಲ್ಲಿದ್ದಾರೆ?”

“ಕೆಳಗೆ ಆಟೋದಲ್ಲಿ ಕುಳಿತಿದ್ದಾರೆ. ಇಲ್ಲಿಂದ ದವಾಖಾನೆಗೆ ಹೋಗಬೇಕು.”

ನಾನು ರಿಜಿಸ್ಟರು ಮತ್ತು ಕಾಗದ ಹಿಡಿದು ಕೆಳಗಿಳಿದೆ. ಅದು ವಟಮುಖತ್ಯಾರ ಪತ್ರ, ಅಂದರೆ ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಕಾಗದ (ಪವರ್ ಆಫ್ ಅಟಾರ್ನಿ). ಆಟೋದ ಪಕ್ಕ ನಿಂತು, “ಅಜ್ಜ, ಇದು ಯಾವ ಕಾಗದ ಎಂದು ಗೊತ್ತಿದೆಯೇ?” ಎಂದು ಕೇಳಿದೆ. “ಹೊಲದ ಮೇಲೆ ಕೋರ್ಟಿನಲ್ಲಿ ವ್ಯಾಜ್ಯವಿದೆ. ನನಗೆ ಓಡಾಡಲು ಆಗದು. ಮಗ ನೋಡಿಕೊಳ್ಳಲಿ ಎಂದು ಬರೆದುಕೊಟ್ಟದ್ದು” ಎಂದರು. ಮಾತು ಸ್ಪಷ್ಟವಾಗಿತ್ತು. ಆದರೂ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಆರನೆಯ ಕಲಮಿಗೆ ಬಂದಾಗ ಅಜ್ಜ ಕೈ ಎತ್ತಿ ತಡೆದರು. ಜಮೀನನ್ನು ಮಾರುವ, ಹಣ ಪಡೆಯುವ ಅಧಿಕಾರ ಕೊಟ್ಟಿದ್ದೇನೆ ಎಂದು ಅದರಲ್ಲಿತ್ತು. “ಮಾರುವ ಮಾತು ಎಲ್ಲಿಂದ ಬಂತು?” ಎಂದು ಅವರು ಮಗನ ಮುಖ ನೋಡಿದರು. ಮಗನೂ ಗಾಬರಿಯಾದ. ಅವನಲ್ಲಿ ಮೋಸವಿರಲಿಲ್ಲ. ಟೈಪ್ ಮಾಡಿದವರು ಕಂಪ್ಯೂಟರಿನಲ್ಲಿದ್ದ ಹಳೆಯ ನಮೂನೆಯಲ್ಲಿ ಹೆಸರು ಮತ್ತು ಸರ್ವೆ ನಂಬರು ಮಾತ್ರ ಬದಲಿಸಿ ಕೊಟ್ಟಿದ್ದರು. ಅಪ್ಪ, ಮಗ ಇಬ್ಬರಿಗೂ ಅದನ್ನು ಯಾರೂ ಓದಿ ಹೇಳಿರಲಿಲ್ಲ.

ಆ ಕಾಗದ ಬೇಡವೆಂದೆ. ಅವರು ದವಾಖಾನೆಗೆ ಹೋಗಿ ಬರುವಷ್ಟರಲ್ಲಿ ಹೊಸದು ಸಿದ್ಧವಾಯಿತು. ಮತ್ತೆ ಆಟೋ ಬಳಿ ಹೋಗಿ ಓದಿದೆ. ಅಜ್ಜನ ಗುರುತಿನ ಚೀಟಿ ನೋಡಿದೆ. ಅವರನ್ನು ಬಲ್ಲ ವಕೀಲರೊಬ್ಬರು ಗುರುತಿಸಿ ಸಹಿ ಹಾಕಿದರು. ಎಡಗೈ ಹೆಬ್ಬೆಟ್ಟನ್ನು ಪ್ರತಿ ಪುಟದ ಮೇಲೂ, ನನ್ನ ರಿಜಿಸ್ಟರಿನಲ್ಲಿಯೂ ಒತ್ತಿಸಿಕೊಂಡೆ. ‘ಕನ್ನಡದಲ್ಲಿ ಓದಿ ಹೇಳಲಾಯಿತು, ತಿಳಿದು ಒಪ್ಪಿ ಹೆಬ್ಬೆಟ್ಟು ಒತ್ತಿದರು’ ಎಂದು ಬರೆದು, ಅದರ ಕೆಳಗೆ ‘ಕಚೇರಿಯ ಮುಂದೆ ಆಟೋದಲ್ಲಿ ಕುಳಿತಲ್ಲಿಯೇ’ ಎಂದೂ ಸೇರಿಸಿದೆ. ಆಮೇಲೆ ದಿನಾಂಕ, ನನ್ನ ಸಹಿ, ಸೀಲು.

ನೋಟರಿಯ ಕೆಲಸವೆಂದರೆ ಇಷ್ಟೇ. ಕಾಗದದಲ್ಲಿರುವ ಸಂಗತಿಯೆಲ್ಲ ಸತ್ಯ ಎಂದು ನಾನು ಹೇಳುವುದಿಲ್ಲ, ಹೇಳಲು ನನಗೆ ಅಧಿಕಾರವೂ ಇಲ್ಲ. ಈ ವ್ಯಕ್ತಿ, ಈ ದಿನ, ನನ್ನ ಕಣ್ಣೆದುರು ಸಹಿ ಮಾಡಿದರು ಎಂಬುದಷ್ಟೇ ನನ್ನ ಮಾತು. 1952ರ ನೋಟರಿ ಅಧಿನಿಯಮದ 8ನೆಯ ಕಲಮು ದಸ್ತಾವೇಜನ್ನು ಪರಿಶೀಲಿಸಿ ದೃಢೀಕರಿಸುವ, ಪ್ರಮಾಣ ಬೋಧಿಸುವ, ಅಫಿಡವಿಟ್ ಪಡೆಯುವ ಅಧಿಕಾರ ಕೊಡುತ್ತದೆ. ನೋಟರಿಯ ಎದುರು ಬರೆದುಕೊಟ್ಟು ದೃಢೀಕರಣಗೊಂಡ ವಟಮುಖತ್ಯಾರ ಪತ್ರವನ್ನು, ಬೇರೆ ಸಾಕ್ಷ್ಯದಿಂದ ಸುಳ್ಳೆಂದು ತೋರುವವರೆಗೆ, ನ್ಯಾಯಾಲಯ ಸಾಚಾ ಎಂದೇ ಭಾವಿಸಿ ನಡೆಯುತ್ತದೆ. ಹಿಂದೆ ಇದು ಸಾಕ್ಷ್ಯ ಅಧಿನಿಯಮದ 85ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 84ನೆಯ ಕಲಮು. ಕಾನೂನು ಇಷ್ಟು ನಂಬಿಕೆ ಇಟ್ಟಿರುವಾಗ ನೋಡದ ಹೆಬ್ಬೆಟ್ಟಿಗೆ ಸೀಲು ಒತ್ತಲು ನನಗೆ ಕೈ ಬರುವುದಿಲ್ಲ.

ಜನರಿಗೆ ಕಾಣುವುದು ಸೀಲು. ಆದರೆ ಕೆಲಸದ ಜೀವ ಇರುವುದು ರಿಜಿಸ್ಟರಿನಲ್ಲಿ. ಕ್ರಮಸಂಖ್ಯೆ, ದಿನಾಂಕ, ದಸ್ತಾವೇಜಿನ ಬಗೆ, ಬರೆದುಕೊಟ್ಟವರ ಹೆಸರು, ಪಡೆದ ಶುಲ್ಕ, ಅವರ ಸಹಿ, ಎಲ್ಲವೂ ಒಂದೇ ಸಾಲಿನಲ್ಲಿ ಬರಬೇಕು. ಅದೇ ಕ್ರಮಸಂಖ್ಯೆ ಕಾಗದದ ಮೇಲೂ ಇರಬೇಕು. ಶುಲ್ಕದ ದರಪಟ್ಟಿಯನ್ನು ಕಚೇರಿಯ ಒಳಗೂ ಹೊರಗೂ ಹಾಕಬೇಕು, ರಸೀದಿ ಕೊಡಬೇಕು ಎಂದು 1956ರ ನಿಯಮಗಳೇ ಹೇಳುತ್ತವೆ. ರಸೀದಿ ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಿಲ್ಲ.

ಅತಿ ಹೆಚ್ಚು ಒತ್ತಾಯ ಬರುವುದು ದಿನಾಂಕದ ವಿಷಯದಲ್ಲಿ. ಒಂದು ಕಾಗದದ ಮೇಲೆ ಸಾಮಾನ್ಯವಾಗಿ ಮೂರು ದಿನಾಂಕಗಳಿರುತ್ತವೆ. ಮೊದಲನೆಯದು ಇ-ಸ್ಟಾಂಪ್ ಪಡೆದದ್ದು. ನಮ್ಮ ಕಡೆ ಜನ ಇದನ್ನು ಈಗಲೂ ‘ಬಾಂಡ್’ ಎಂದೇ ಕರೆಯುತ್ತಾರೆ, ಪಡೆದ ದಿನ ಮತ್ತು ವೇಳೆ ಅದರ ಮೇಲೆಯೇ ಮುದ್ರಣವಾಗಿರುತ್ತದೆ. ಎರಡನೆಯದು ಕರಡು ಟೈಪ್ ಮಾಡಿದವರು ಹಾಕಿದ್ದು. ಮೂರನೆಯದು ನನ್ನ ಎದುರು ಸಹಿಯಾದದ್ದು. ನಾನು ಬರೆಯುವುದು ಮೂರನೆಯದನ್ನು ಮಾತ್ರ.

“ಕಳೆದ ತಿಂಗಳ ಒಂದನೇ ತಾರೀಖು ಹಾಕಿಬಿಡಿ, ಸಾಹೇಬರೇ, ಯಾರಿಗೆ ಏನು ತೊಂದರೆ?” ಎಂದು ಅಂಗಡಿ ಬಾಡಿಗೆ ಕರಾರು ತಂದವರು ಕೇಳುತ್ತಾರೆ. ನಿಜಕ್ಕೂ ಒಂದನೇ ತಾರೀಖಿನಿಂದಲೇ ಅವರು ಬಾಡಿಗೆಗೆ ಇರುತ್ತಾರೆ, ಸುಳ್ಳೇನೂ ಇಲ್ಲ. ಅಂಥವರಿಗೆ ದಾರಿ ಸುಲಭ. ‘ಇಂಥ ದಿನದಿಂದ ಬಾಡಿಗೆ ಆರಂಭವಾಗಿದೆ’ ಎಂದು ಕರಾರಿನ ಒಳಗೆ ಬರೆಯಿರಿ, ಸಹಿಯ ದಿನಾಂಕ ಇಂದಿನದೇ ಇರಲಿ ಎನ್ನುತ್ತೇನೆ. ಒಪ್ಪಿ ಹೋಗುತ್ತಾರೆ. ಒಪ್ಪದೆ ಹಟ ಹಿಡಿದವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ನನ್ನ ಅನುಭವ. ರಿಜಿಸ್ಟರಿನಲ್ಲಿ ಹಿಂದಿನ ದಿನದ ಜಾಗ ಖಾಲಿ ಬಿಟ್ಟಿರುವುದಿಲ್ಲ. ಬಿಟ್ಟರೆ ಅದೇ ಅಪರಾಧದ ಮೊದಲ ಹೆಜ್ಜೆ.

ಇದರ ತಿರುವುಮುರುವು ತಪ್ಪೂ ಇದೆ. ಸ್ಟಾಂಪ್ ಪಡೆದು ಆರು ತಿಂಗಳಾಯಿತು, ಇನ್ನು ನಡೆಯುವುದಿಲ್ಲ ಎಂದು ಬಡವರು ಒಳ್ಳೆಯ ಕಾಗದವನ್ನು ಎಸೆದು ಮತ್ತೆ ಹಣ ಕೊಡುತ್ತಾರೆ. ಆರು ತಿಂಗಳ ಮಾತು ಇರುವುದು ಬಳಸದ ಸ್ಟಾಂಪಿನ ಹಣ ಮರಳಿ ಪಡೆಯುವುದಕ್ಕೆ. ಛಾಪಾ ಕಾಗದ ಹಳೆಯದು ಎಂಬ ಒಂದೇ ಕಾರಣಕ್ಕೆ ದಸ್ತಾವೇಜು ಬಿದ್ದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿಯೇ ಹೇಳಿದೆ. ಅಫಿಡವಿಟ್ಟಿನ ಸ್ಟಾಂಪು ಕರ್ನಾಟಕದಲ್ಲಿ 2024ರಲ್ಲಿ 20 ರೂಪಾಯಿಯಿಂದ 100 ರೂಪಾಯಿಗೆ ಏರಿದೆ. ದಿನಗೂಲಿಯವರಿಗೆ ಅದು ಸಣ್ಣ ಮೊತ್ತವಲ್ಲ.

ಅಫಿಡವಿಟ್ಟಿಗೆ ಪ್ರಮಾಣ ಬೇಕು. ಅದನ್ನು ನಾನು ಬಾಯಿಬಿಟ್ಟು ಹೇಳಿಸುತ್ತೇನೆ, ದೇವರ ಹೆಸರಿನಲ್ಲಾಗಲಿ, ಮನಸ್ಸಾಕ್ಷಿಯ ಮೇಲಾಗಲಿ. ಸಾಲಿನಲ್ಲಿ ಹಿಂದೆ ಹತ್ತು ಜನ ನಿಂತಿದ್ದರೂ ಬಿಡುವುದಿಲ್ಲ. ಹಾಗೆ ಗಟ್ಟಿಯಾಗಿ ಹೇಳುವಾಗ ಎಷ್ಟೋ ಜನ ನಿಂತು, “ಈ ಸಾಲು ಸರಿಯಿಲ್ಲ, ತಿದ್ದಬೇಕು” ಎಂದಿದ್ದಾರೆ. ವಂಶಾವಳಿಯಲ್ಲಿ ಮದುವೆಯಾಗಿ ಹೋದ ಅಕ್ಕನ ಹೆಸರು ಬಿಟ್ಟದ್ದು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ.

ನನ್ನ ಸೀಲಿನ ವೃತ್ತದಲ್ಲಿ ನನ್ನ ಹೆಸರು, ನೋಂದಣಿ ಸಂಖ್ಯೆಯ ಜೊತೆಗೆ ನಾನು ಕೆಲಸ ಮಾಡಬಹುದಾದ ಕ್ಷೇತ್ರವೂ ಇದೆ. ಒಮ್ಮೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ ರೋಗಿಯ ಮನೆಯವರು ಗಾಡಿ ತಂದು, ಒಂದು ಗಂಟೆಯ ದಾರಿ, ಬಂದು ಸಹಿ ಪಡೆಯಿರಿ ಎಂದು ಬೇಡಿಕೊಂಡರು. ಅವರ ಸಂಕಟ ನೋಡಲಾಗಲಿಲ್ಲ. ಆದರೆ ಕ್ಷೇತ್ರದ ಹೊರಗೆ ಹೋಗಿ ನಾನು ಒತ್ತಿದ ಸೀಲು ಮುಂದೆ ಅವರಿಗೇ ಮುಳುವಾಗುತ್ತಿತ್ತು. ಹುಬ್ಬಳ್ಳಿಯ ನೋಟರಿಯೊಬ್ಬರಿಗೆ ಫೋನ್ ಮಾಡಿ ಆಸ್ಪತ್ರೆಗೇ ಹೋಗುವಂತೆ ಕೇಳಿಕೊಂಡೆ. ಅವರು ಹೋದರು.

ನನಗೆ ನಿದ್ದೆಗೆಡಿಸಿದ್ದು ಬೇರೆಯೇ ಸಂಗತಿ. ಹೆಣ್ಣುಮಗಳೊಬ್ಬಳು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿದ ಕಾಗದ ತಂದು, “ಅಣ್ಣಾರೇ, ಇದರ ಮೇಲೆ ಮನೆ ಕಟ್ಟಲು ಸಾಲ ಸಿಗುತ್ತದೆಯೇ?” ಎಂದು ಕೇಳಿದಳು. ಜಾಗದ ಖರೀದಿ ಎಂದು ಬರೆದ ಬಾಂಡ್, ಅದಕ್ಕೆ ಯಾರೋ ಒತ್ತಿದ ನೋಟರಿ ಸೀಲು. ವರ್ಷಗಟ್ಟಲೆ ಹೊಲಿಗೆ ಮಾಡಿ ಕೂಡಿಟ್ಟ ಹಣವನ್ನೆಲ್ಲ ಕೊಟ್ಟಿದ್ದಳು. 100 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಖರೀದಿ ಪತ್ರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಲೇಬೇಕು ಎಂದು 1908ರ ನೋಂದಣಿ ಅಧಿನಿಯಮ ಹೇಳುತ್ತದೆ. ವಟಮುಖತ್ಯಾರ ಪತ್ರದ ಮೂಲಕ ನಡೆಸುವ ‘ಮಾರಾಟ’ದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ಕೊಟ್ಟಿದೆ. ಸೀಲು ನೋಡಿ ಆಕೆ ಇದು ಸರ್ಕಾರದ ಕಾಗದ ಎಂದು ನಂಬಿದ್ದಳು. ಅಂದಿನಿಂದ ಜಾಗದ ಕರಾರು ತಂದವರಿಗೆ, ಇದು ಖರೀದಿಯಲ್ಲ, ನೋಂದಣಿ ಬಾಕಿ ಇದೆ ಎಂದು ಎರಡೂ ಕಡೆಯವರ ಎದುರು ಹೇಳದೆ ನಾನು ಪೆನ್ನು ಮುಟ್ಟುವುದಿಲ್ಲ. ಮದುವೆ, ವಿಚ್ಛೇದನದ ಪತ್ರ ಮಾಡಿಕೊಡಿ ಎಂದು ಬರುವವರಿಗೂ ಇಲ್ಲವೆನ್ನುತ್ತೇನೆ. ಅದು ನೋಟರಿಯ ಅಧಿಕಾರವಲ್ಲ ಎಂದು ಕೇಂದ್ರದ ಕಾನೂನು ವ್ಯವಹಾರಗಳ ಇಲಾಖೆ 2024ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಆಟೋದ ಅಜ್ಜನ ಕಾಗದ ಕೆಲವು ವರ್ಷಗಳ ನಂತರ ನನ್ನನ್ನು ಸಾಕ್ಷಿಕಟ್ಟೆಗೆ ಕರೆಸಿತು. ಅಜ್ಜ ಆಗಲೇ ತೀರಿಕೊಂಡಿದ್ದರು. ಆ ದಿನ ಅವರು ಹಾಸಿಗೆ ಹಿಡಿದಿದ್ದರು, ನೋಟರಿಯ ಕಚೇರಿಯ ಮೆಟ್ಟಿಲು ಹತ್ತಲು ಸಾಧ್ಯವೇ ಇರಲಿಲ್ಲ, ಪತ್ರ ಸುಳ್ಳು ಎಂದು ಎದುರು ಪಕ್ಷದವರ ವಾದ. ವಕೀಲರು, “ಅವರು ನಿಮ್ಮ ಕಚೇರಿಗೆ ಬಂದಿದ್ದರೇ?” ಎಂದು ಕೇಳಿದರು.

“ಮೇಲೆ ಬಂದಿರಲಿಲ್ಲ. ನಾನೇ ಕೆಳಗಿಳಿದು ಹೋಗಿದ್ದೆ” ಎಂದು ರಿಜಿಸ್ಟರು ತೆರೆದು ಕೊಟ್ಟೆ. ಹಿಂದಿನ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿಯ ಅಫಿಡವಿಟ್, ಮುಂದಿನ ಸಾಲಿನಲ್ಲಿ ಒಂದು ಬಾಡಿಗೆ ಕರಾರು, ನಡುವೆ ಅಜ್ಜನ ಹೆಬ್ಬೆಟ್ಟು, ಅದರ ಪಕ್ಕದಲ್ಲಿ ಆಟೋದ ಮಾತು. ನ್ಯಾಯಾಧೀಶರು ಆ ಸಾಲನ್ನು ಎರಡು ಸಲ ಓದಿದರು.

“ಪತ್ರದೊಳಗಿನ ಸಂಗತಿ ಸತ್ಯವೇ?” ಎಂಬುದು ವಕೀಲರ ಮುಂದಿನ ಪ್ರಶ್ನೆ.

“ಅದು ನನಗೆ ತಿಳಿಯದು. ಓದಿ ಹೇಳಿದೆ, ಒಂದು ಕಲಮು ಬೇಡವೆಂದರು, ಅದನ್ನು ತೆಗೆಸಿದೆ. ಉಳಿದದ್ದಕ್ಕೆ ಒಪ್ಪಿ, ಆ ದಿನ ಮಧ್ಯಾಹ್ನ ನನ್ನ ಎದುರು ಹೆಬ್ಬೆಟ್ಟು ಒತ್ತಿದರು.”